ಅತ್ತೆಯ ಸೀರೆಯ ಹಿನ್ನೆಲೆ

ಕೃಷ್ಣರಾಜಪೇಟೆಯ ಶಿವಲಿಂಗಯ್ಯನವರಿಗೆ ಈ ಲೋಕದ ಮೇಲೆ ಹೇಳಿಕೊಳ್ಳುವಂಥ ದೂರುಗಳೇನೂ ಇರಲಿಲ್ಲ. ಇದ್ದದ್ದು ಒಂದೇ, ಅದೂ ಒಂದು ಮೊಳೆಯ ಮೇಲೆ. ನಡುಮನೆಯ ಗೋಡೆಗೆ, ಮಾವನವರ ಹಾರ ಹಾಕಿದ ಫೋಟೋದ ಪಕ್ಕದಲ್ಲಿ, ಐದು ವರ್ಷದ ಹಿಂದೆ ಅವರೇ ಕೈಯಾರೆ ಹೊಡೆದ ಮೊಳೆ ಅದು. ಹೊಡೆದಾಗಿನಿಂದ ಖಾಲಿ. ಮನೆಯಲ್ಲಿ ಅವರು ತೆಗೆದ ಫೋಟೋಗಳು ಸಾವಿರದ ಇನ್ನೂರಿದ್ದವು, ಒಂದಕ್ಕೂ ಆ ಮೊಳೆ ಏರುವ ಯೋಗವಿರಲಿಲ್ಲ. "ಆ ಮೊಳೆ ನಮ್ಮವ್ವಂದು" ಎಂದು ಹೆಂಡತಿ ಯಶೋದಮ್ಮ ಒಂದು ಸಲ ಹೇಳಿಬಿಟ್ಟಿದ್ದರು. ಯಶೋದಮ್ಮ ಯಾವ ಮಾತನ್ನೂ ಎರಡು ಸಲ ಹೇಳುವವರಲ್ಲ. (ಎರಡನೆಯ ಸಲ ಪಾತ್ರೆಗಳು ಮಾತಾಡುತ್ತವೆ.)

ತೊಡಕು ಏನೆಂದರೆ, ಯಶೋದಮ್ಮನ ಅವ್ವ ಮಂಗಳಮ್ಮನವರದ್ದು ಗೋಡೆಗೆ ಹಾಕುವಂಥ ಫೋಟೋ ಒಂದೂ ಇರಲಿಲ್ಲ. ಮದುವೆ ಮನೆಗಳಲ್ಲಿ ಎಲ್ಲರೂ ಫೋಟೋಗೆ ನಿಂತಾಗ ಆಕೆ ಒಲೆಯ ಮುಂದೆ ಇರುತ್ತಿದ್ದರು. ಆಧಾರ್ ಕಾರ್ಡಿನಲ್ಲಿ ಒಂದಿತ್ತು. ಅದನ್ನು ಫ್ರೇಮಿನ ಅಂಗಡಿಯ ಅಫ್ರೋಜ್ ಹತ್ತಿರ ಕೊಟ್ಟು ದೊಡ್ಡದು ಮಾಡಿಸಿದಾಗ ಮಂಗಳಮ್ಮನವರು ಚೌಕ ಚೌಕವಾಗಿ ಒಡೆದುಹೋಗಿ, ಹುಡುಕಿಕೊಟ್ಟವರಿಗೆ ಬಹುಮಾನ ಎಂದು ಪೊಲೀಸರು ಅಂಟಿಸುವ ಮುಖದಂತೆ ಕಂಡರು. ಯಶೋದಮ್ಮ ಅದನ್ನು ನೋಡಿ, "ಇದು ನಮ್ಮವ್ವ ಅಲ್ಲ. ನಮ್ಮವ್ವ ಯಾರ್ನೂ ಇಂಗ್ ನೋಡ್ದೋಳಲ್ಲ" ಎಂದು ಅಂಗಡಿಯಲ್ಲೇ ಬಿಟ್ಟು ಬಂದರು.

ಅಳಿಯನೇ ಫೋಟೋ ತೆಗೆಯುವವನಾಗಿದ್ದೂ ಹೀಗೇಕಾಯಿತು ಎಂದು ನೀವು ಕೇಳುತ್ತೀರಿ. ಯಶೋದಮ್ಮನೂ ಅದನ್ನೇ ಕೇಳುತ್ತಿದ್ದರು.

ಶಿವಲಿಂಗಯ್ಯ ಸರ್ವೆ ಕೆಲಸದಲ್ಲಿ ಮೂವತ್ತೊಂದು ವರ್ಷ ಭೂಮಿ ಅಳೆದವರು. ನಾಗಮಂಗಲದ ಕಲ್ಲುಗುಡ್ಡ, ಪಾಂಡವಪುರದ ನಾಲೆ ಏರಿ, ಶ್ರೀರಂಗಪಟ್ಟಣದ ಹೊಳೆದಂಡೆ, ಎಲ್ಲ ಕಡೆ ಸರಪಳಿ ಎಳೆದುಕೊಂಡು ಓಡಾಡಿದ್ದರು. ಜೊತೆಯವರ ಕಣ್ಣಿಗೆ ಗಡಿಕಲ್ಲು ಬಿದ್ದರೆ ಇವರ ಕಣ್ಣಿಗೆ ಕಲ್ಲಿನ ಪಕ್ಕ ಬೆಳೆದ ವಿಕಾರಗಳು ಬೀಳುತ್ತಿದ್ದವು. ಬೇರಿಲ್ಲದೆ, ಎಲೆಯಿಲ್ಲದೆ, ಬೇಲಿಯ ಮೇಲೆ ಹಳದಿ ಶಾವಿಗೆ ಸುರಿದಂತೆ ಹಬ್ಬುವ ಬಳ್ಳಿ. ಒಣಗಿದ ಮೇಲೆ ಎರಡು ಕೊಕ್ಕೆ ಚಾಚಿಕೊಂಡು ದಾರಿಹೋಕರ ಪಂಚೆ ಹಿಡಿಯುವ ಕಾಯಿ. ಬೆರಳುಗಳಿಗೆ ಬೆಂಕಿ ಹೊತ್ತಿಕೊಂಡಂಥ ಅಗ್ನಿಶಿಖೆ. ಸತ್ತ ಮರದ ತುಂಬ ಕಿವಿಗಳು ಮೂಡಿದಂತೆ ಏಳುವ ಅಣಬೆ. ನಿವೃತ್ತಿಯಾದ ತಿಂಗಳೇ ಅವರು ಒಂದು ಒಳ್ಳೆಯ ಕ್ಯಾಮರಾ ಕೊಂಡು ಈ ಪರಲೋಕದ ಪ್ರಜೆಗಳ ಬೆನ್ನು ಹತ್ತಿದರು. ಗುಲಾಬಿ, ದಾಸವಾಳದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಚೆಂದದ್ದನ್ನು ಚೆಂದವಾಗಿ ತೆಗೆಯುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬುದು ಅವರ ವಾದ.

ಹಳೆಯ ಕಸುಬಿನ ಚಾಳಿ ಮಾತ್ರ ಬಿಡಲಿಲ್ಲ. ಪ್ರತಿ ಫೋಟೋಗೂ ಒಂದು ನೋಟುಬುಕ್ಕಿನಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯುತ್ತಿದ್ದರು. "ಕೊಕ್ಕೆ ಕಾಯಿ. ಪೂರ್ವಕ್ಕೆ ಬೇಲಿ, ಪಶ್ಚಿಮಕ್ಕೆ ಸರ್ಕಾರಿ ಓಣಿ, ಉತ್ತರಕ್ಕೆ ತಿಪ್ಪೆ, ದಕ್ಷಿಣಕ್ಕೆ ಫೋಟೋ ತೆಗೆದವನು." ಮೂವತ್ತೊಂದು ವರ್ಷದಲ್ಲಿ ಒಂದು ಗೇಣು ಸುಳ್ಳು ಬರೆದವರಲ್ಲ, ಗಿಡಗಳ ವಿಷಯದಲ್ಲೂ ಬರೆಯಲಿಲ್ಲ.

"ಮದ್ವೆ ಮನೇಲಿ ಜನ ನಗ್ತಾ ನಿಂತಿರ್ತಾರೆ, ಅವ್ರ್ದು ತೆಗೀರಿ ಅಂದ್ರೆ ನಿಮ್ ಕೈಲಿ ಆಗಕಿಲ್ಲ. ಪೀಡೆ ಗಿಡ ಹುಡುಕ್ಕಂಡು ನಾಗಮಂಗ್ಲದ ಗಂಟ ಹೋಯ್ತೀರ!" ಎನ್ನುವರು ಯಶೋದಮ್ಮ.

"ಜನ ಅಲ್ಲಾಡ್ತಾರೆ ಕಣಮ್ಮಿ. ಗಿಡ ಅಲ್ಲಾಡಕಿಲ್ಲ."

"ಅಲ್ಲಾಡ್ದಂಗೆ ನಮ್ಮವ್ವ ಕೂತಿದ್ಲಲ್ಲ. ತೆಗುದ್ರಾ?"

ಯಾವ ಜಗಳವಾದರೂ ಅಲ್ಲಿಗೆ ಬಂದು ಮುಗಿಯುತ್ತಿತ್ತು. ಶಿವಲಿಂಗಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು.

ನಡೆದದ್ದು ಇಷ್ಟು. ಮಂಗಳಮ್ಮನವರು ಕೊನೆಯ ಎರಡು ವರ್ಷ ಮಗಳ ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ಆಕೆ ತಲೆಗೆ ಹರಳೆಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲಿ ಒಳ್ಳೆಯದಾದ ಬದನೆಕಾಯಿ ಬಣ್ಣದ ಸೀರೆ ಉಟ್ಟು, ಸೆರಗಿನ ತುದಿಯ ಗಂಟಿನಲ್ಲಿ ಹೊಗೆಸೊಪ್ಪು ಕಟ್ಟಿಕೊಂಡು ಜಗಲಿಯ ಮೇಲೆ ಬಂದು ಕೂತರು.

"ಅಳಿಯಂದ್ರೆ, ನಂದೂ ಒಂದ್ ಪಟ ಹಿಡೀರಿ. ನಾನ್ ಸತ್ಮೇಲೆ ಗ್ವಾಡೆಗ್ ಬೇಕಲ್ವಾ" ಎಂದರು.

ಶಿವಲಿಂಗಯ್ಯ ಆಗ ಪಾಂಡವಪುರದ ಬಸ್ಸಿಗೆ ಹೊರಟಿದ್ದರು. ಕುಂತಿಬೆಟ್ಟದ ತಪ್ಪಲಿನಲ್ಲಿ ಅಗ್ನಿಶಿಖೆ ಅರಳಿದೆ ಎಂದು ಯಾರೋ ಹೇಳಿದ್ದರು. "ಈಗ ಬಿಸ್ಲು ನೆತ್ತಿ ಮ್ಯಾಲದೆ ಅತ್ತೆ, ಮಖದ್ ಮ್ಯಾಲೆ ನೆಳ್ಳು ಬತ್ತದೆ. ನಾಳೆ ಹಿಡಿಯನ ಬುಡಿ" ಎಂದು, ಬಾಗಿಲಲ್ಲಿದ್ದ ಹೆಂಡತಿಗೂ ಕೇಳುವಂತೆ ಹೇಳಿ ಹೊರಟೇಬಿಟ್ಟರು. (ಗಂಟೆ ಒಂಬತ್ತೂವರೆ. ಬಿಸಿಲು ಇನ್ನೂ ತೆಂಗಿನ ಗರಿಯ ಮೇಲಿತ್ತು.) ಆಕೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಎದ್ದು ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿಟ್ಟರಂತೆ. ಮಾರನೆಯ ದಿನ ಮೋಡ. ಅದರ ಮಾರನೆಯ ದಿನ ಬಚ್ಚಲಲ್ಲಿ ಜಾರಿ ಬಿದ್ದರು. ವಾರ ತುಂಬುವುದರೊಳಗೆ ಹೋಗಿಬಿಟ್ಟರು.

ಅಗ್ನಿಶಿಖೆ ಬಹಳ ಚೆನ್ನಾಗಿ ಬಂದಿತ್ತು. ಶಿವಲಿಂಗಯ್ಯ ಅದನ್ನು ಯಾರಿಗೂ ತೋರಿಸಲಿಲ್ಲ.

ಮಂಗಳಮ್ಮನವರ ಬಟ್ಟೆಬರೆಯನ್ನೆಲ್ಲ ಕೊಟ್ಟರೂ ಯಶೋದಮ್ಮ ಆ ಬದನೆಕಾಯಿ ಬಣ್ಣದ ಸೀರೆ ಕೊಡಲಿಲ್ಲ. ಒಗೆಯಲೂ ಇಲ್ಲ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿ ಇಟ್ಟರು, ನುಸಿಗುಳಿಗೆ ಕೂಡ ಹಾಕದೆ. ಅಮಾವಾಸ್ಯೆಗೊಮ್ಮೆ ಟ್ರಂಕು ತೆಗೆದು, ಆ ಸೀರೆಯಲ್ಲಿ ಮುಖವಿಟ್ಟು ಒಂದು ಗಳಿಗೆ ಕೂತಿರುತ್ತಿದ್ದರು. ಹೊಗೆಸೊಪ್ಪು, ಹರಳೆಣ್ಣೆ, ಒಲೆಯ ಹೊಗೆ, ಜೊತೆಗೆ ಹೆಸರಿಲ್ಲದ ಇನ್ನೇನೋ ಒಂದು. ಎದ್ದು ಬರುವಾಗ ಮುಖ ಹಗುರವಾಗಿರುತ್ತಿತ್ತು. ಫೋಟೋ ಇಲ್ಲದ ಮನೆಯಲ್ಲಿ ಅವ್ವ ಇದ್ದದ್ದು ಅಲ್ಲಿ.

ಆಮೇಲೆ ಕೊರೋನ ಬಂತು. ಯಶೋದಮ್ಮನಿಗೆ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಹೋದ ಮೂಗು ಮಾತ್ರ ವಾಪಸು ಬರಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಹಾಲು ಉಕ್ಕಿ ಸೀದರೂ ತಿಳಿಯದು. ಒಗ್ಗರಣೆಗೆ ಇಂಗು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಾಕುವರು. ಶಿವಲಿಂಗಯ್ಯ ಮೂರು ಪಾಲು ಇಂಗಿನ ಸಾರನ್ನು ಚಕಾರವೆತ್ತದೆ ಉಂಡರು. ಅವರ ತ್ಯಾಗಕ್ಕೆ ಒಂದು ಒಳಗುಟ್ಟೂ ಇತ್ತೆನ್ನಿ. ಮದುವೆಯ ವರ್ಷ ಬಿಟ್ಟಿದ್ದ ಬೀಡಿಯನ್ನು ಈಗ ಬಚ್ಚಲುಮನೆಯಲ್ಲಿ ನಿರ್ಭಯವಾಗಿ ಪುನಃ ಪ್ರತಿಷ್ಠಾಪನೆ ಮಾಡಿದ್ದರು.

ಯಶೋದಮ್ಮ ಮಾತ್ರ ಅಮಾವಾಸ್ಯೆ ತಪ್ಪಿಸಲಿಲ್ಲ. ಟ್ರಂಕು ತೆಗೆಯುವರು, ಮುಖ ಇಡುವರು, ಉಸಿರೆಳೆಯುವರು, ಮುಚ್ಚುವರು.

"ಬತ್ತಾ?" ಎಂದು ಶಿವಲಿಂಗಯ್ಯ ಕೇಳುವರು.

"ಇಲ್ಲ. ಆದ್ರೆ ವಾಸ್ನೆ ಎಲ್ಲೂ ಹೋಗಿಲ್ಲ ಕಣ್ರೀ, ಅದ್ರೊಳ್ಗೇ ಅದೆ. ನನ್ ಮೂಗೇ ಹಾಳಾದ್ದು. ಅದೊಂದ್ ಬಂದ್ಬುಡ್ಲಿ, ಅವ್ವ ಸಿಕ್ತಾಳೆ."

ಹೀಗೆ ನಂಬಿಕೊಂಡು ಮೂರು ವರ್ಷ ಕಳೆದ ಹೆಂಗಸಿಗೆ ಶಿವಲಿಂಗಯ್ಯ ಮಾಡಿದ್ದನ್ನು ಹೇಳಲು ನನಗೇ ಬಾಯಿ ಬರುವುದಿಲ್ಲ. ಆದರೂ ಹೇಳಬೇಕು.

ಈ ವರ್ಷ ಮೇ ತಿಂಗಳಲ್ಲಿ ಯಶೋದಮ್ಮ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಎರಡು ದಿನ ಮುಂಚೆಯೇ ನಾಗಮಂಗಲಕ್ಕೆ ಹೋದರು. ಅವರು ಹೋದ ಮಧ್ಯಾಹ್ನ ಮನೆಯಲ್ಲಿ ಇಲಿ ಸತ್ತ ನಾತ ಎದ್ದಿತು. ಶಿವಲಿಂಗಯ್ಯ ಅಟ್ಟ, ಅಲಮಾರು, ಅಕ್ಕಿ ಡ್ರಮ್ಮು ಎಲ್ಲ ತಡಕಿದರು. ಇಲಿ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ತಾಜ್ ಬೀ, ಬಟ್ಟೆ ಹೊಲಿಯುವಾಕೆ, ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಎತ್ತಿದರು. ಮೂಗಿಗೆ ಸೆರಗು ಒತ್ತಿಕೊಂಡಿದ್ದರು.

"ಅರೆ ಭಾಯಿಸಾಬ್, ಏನ್ ಸತ್ತೋಗಿದೆ ನಿಮ್ ಮನೇಲಿ? ಯಶೋದಕ್ಕ ಊರಿಗೋಗವ್ರೆ ಅಂದ್ರಿ. ಸಚ್ಚಿ ತಾನೆ?"

"ಬೇಕಾದ್ರೆ ಫೋನ್ ಮಾಡ್ಕೊಡ್ತೀನಿ ಮಾತಾಡು ತಾಯಿ" ಎಂದು ಶಿವಲಿಂಗಯ್ಯ ಬೆವರು ಒರೆಸಿಕೊಂಡು ಹಿತ್ತಲಿಗೆ ನಡೆದರು. ಅಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲಿ, ಅದು ಎದ್ದು ಕೂತಿತ್ತು.

ಮಂಗಳಮ್ಮನವರು ಬದುಕಿದ್ದಾಗ ಕಲ್ಲಿನ ಪಕ್ಕ ಒಂದು ಸುವರ್ಣಗೆಡ್ಡೆ ಹೂತಿದ್ದರು. ಆಕೆ ಹೋದ ಮೇಲೆ ಅದನ್ನು ಯಾರೂ ಅಗೆಯಲಿಲ್ಲ. ವರ್ಷಕ್ಕೊಂದು ಸಲ ಕೊಡೆಯಂತೆ ಎಲೆ ಬಿಡುವುದು, ಒಣಗುವುದು, ಅಷ್ಟೆ. ಈಗ ಐದು ವರ್ಷ ಕೊಬ್ಬಿದ ಆ ಗೆಡ್ಡೆ, ಎರಡು ಮಳೆ ಬಿದ್ದದ್ದೇ ನೆಪವಾಗಿ, ಹೂ ಬಿಟ್ಟಿತ್ತು. ಹೂವೆಂದರೆ ಮುಡಿಯುವ ಹೂವಲ್ಲ. ಮೊರದಗಲದ ಕರಿಗೆಂಪು ದಳ, ಅಂಚಿನಲ್ಲಿ ನೆರಿಗೆ. ನಡುವೆ ಕೋಣದ ಮಿದುಳಿನಂಥ ಸುಕ್ಕುಸುಕ್ಕು ಮುದ್ದೆ, ಎಣ್ಣೆ ಸವರಿದಂತೆ ಹೊಳೆಯುತ್ತಿದೆ. ಸುತ್ತ ಊರಿನ ನೊಣವೆಲ್ಲ ನೆರೆದಿದೆ. ನಾತ ಅದರದೇ. ಬೇರೆಯವರಾಗಿದ್ದರೆ ಗುದ್ದಲಿ ತರುತ್ತಿದ್ದರು. ಶಿವಲಿಂಗಯ್ಯನವರ ಕಣ್ಣಲ್ಲಿ ನೀರು ಬಂತು. ಏಳು ವರ್ಷ ಮೂರು ತಾಲ್ಲೂಕು ಅಲೆದರೂ ಸಿಗದ ಪರಲೋಕ ಅವರ ಬಚ್ಚಲ ನೀರು ಕುಡಿದು ಮನೆಯ ಹಿತ್ತಲಲ್ಲೇ ಬೆಳೆದಿತ್ತು.

ಹೂವೇನೋ ಅದ್ಭುತ, ಹಿನ್ನೆಲೆ ಮಾತ್ರ ಅನ್ಯಾಯ. ಒಂದು ನೀಲಿ ಡ್ರಮ್ಮು, ಕೊಳಾಯಿ ಪೈಪು, ಆಚೆ ಒಣಗಲು ಹಾಕಿದ ಶಿವಲಿಂಗಯ್ಯನವರದೇ ಚಡ್ಡಿ. ಪರಲೋಕದ ಹಿಂದೆ ಇಹಲೋಕದ ಚಡ್ಡಿ ಕಾಣುವುದು ಸರಿಯಲ್ಲ. ಕಪ್ಪು ಬಟ್ಟೆಯೊಂದನ್ನು ಹಿಂದೆ ಇಳಿಬಿಡಬೇಕಿತ್ತು. ತಾಜ್ ಬೀಯನ್ನು ಕೇಳಿದರು.

"ಗಿರಾಕಿ ಬಟ್ಟೆ ಭಾಯಿಸಾಬ್! ಈ ಗಬ್ಬಿಗ್ ಕೊಟ್ರೆ ನಾಳೆಯಿಂದ ನನ್ ಮೆಷಿನ್ ಬಂದ್" ಎಂದು ಆಕೆ ಕಿಟಕಿಯನ್ನೂ ಮುಚ್ಚಿಕೊಂಡರು.

ಕಂಬಳಿ ಯಾರಿಗೋ ಕೊಟ್ಟಾಗಿತ್ತು, ಕೊಡೆ ಹರಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಹೊಡೆದರೆ ಹೂವು ಕೊಳೆತು ಹೋಗುತ್ತದೆ. ಶಿವಲಿಂಗಯ್ಯ ಮನೆಯೆಲ್ಲ ಸುತ್ತಿ ಕೊನೆಗೆ ಮಂಚದ ಹತ್ತಿರ ಬಂದು ನಿಂತರು. ಗೊತ್ತಿಲ್ಲದೆ ಮಾಡಿದರು ಎಂದು ನಾನು ಹೇಳುವುದಿಲ್ಲ, ಗೊತ್ತಿದ್ದೇ ಮಾಡಿದರು. ಹತ್ತು ನಿಮಿಷ, ಹಗ್ಗದ ಮೇಲೆ ಹಾಕುವುದು, ಮತ್ತೆ ಮಡಿಸಿಡುವುದು, ಸೀರೆಗೇನಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಟ್ರಂಕು ತೆಗೆದರು.

ಬದನೆಕಾಯಿ ಬಣ್ಣ ನೆರಳಿನಲ್ಲಿ ಕಪ್ಪಾಗಿ, ಆಳವಾಗಿ, ಹೇಳಿ ಮಾಡಿಸಿದ ಹಾಗೆ ಕೂತಿತು. ಹದಿನಾರು ಫೋಟೋ ತೆಗೆದರು. ಹದಿನೇಳನೆಯದಕ್ಕೆ ಬಗ್ಗಿದಾಗ ಮಳೆಗಾಳಿ ಬೀಸಿತು. ಸೀರೆ ಹಗ್ಗ ಬಿಟ್ಟು ಹಾರಿ ಬಂದು ಹೂವಿನ ಮೇಲೆ ಬಿದ್ದು, ನೊಣಗಳ ಸಮೇತ ಅದನ್ನು ಅಪ್ಪಿಕೊಂಡಿತು. ಎಳೆದು ಬಿಡಿಸುವಷ್ಟರಲ್ಲಿ ಸುಕ್ಕಿನ ಮುದ್ದೆ ಒಡೆದು ಅದರ ಅಂಟೆಲ್ಲ ಸೀರೆಗೆ ಬಳಿದಿತ್ತು. ಸೀರೆಯೂ ಸತ್ತ ಇಲಿಯಂತೆ ನಾರತೊಡಗಿತು.

ಯಶೋದಮ್ಮನಿಗೆ ವಾಸನೆ ತಿಳಿಯದು, ನಿಜ. ಕಲೆ ಕಾಣುತ್ತದಲ್ಲ! ಶಿವಲಿಂಗಯ್ಯ ಕೈಕಾಲು ಬಿಟ್ಟರು. ಬಕೆಟ್ಟಿಗೆ ಸೋಪಿನ ಪುಡಿಯ ಇಡೀ ಪ್ಯಾಕೆಟ್ ಸುರಿದರು. ಮುಳುಗಿಸುವ ಮುಂಚೆ ಅದೇಕೋ ಸೀರೆಯನ್ನು ಮೂಗಿನ ಹತ್ತಿರ ಹಿಡಿದರು. ಹೂವಿನ ಗಬ್ಬಿನ ಅಡಿಯಲ್ಲಿ, ಎಲ್ಲೋ ಮಡಿಕೆಯೊಳಗೆ, ಹೊಗೆಸೊಪ್ಪು ಇತ್ತು. ಹರಳೆಣ್ಣೆ ಇತ್ತು. ಅತ್ತೆ ಇದ್ದರು. ಪಕ್ಕದಲ್ಲಿ ನಿಂತು 'ಅಳಿಯಂದ್ರೆ' ಎನ್ನುವಷ್ಟು ಹತ್ತಿರ ಇದ್ದರು. ಆದರೂ ಹೆಂಡತಿಯ ಭಯ ದೊಡ್ಡದು, ಮುಳುಗಿಸಿಬಿಟ್ಟರು.

ಮೊದಲ ನೀರು ಕಂದಾಗಿ ಹೋಯಿತು. ಎರಡನೆಯದು ಚಹಾ ಬಣ್ಣ. ನಾಲ್ಕನೆಯದಕ್ಕೆ ಮಂಗಳಮ್ಮನವರು ಪೂರ್ತಿಯಾಗಿ ಚರಂಡಿ ಸೇರಿದರು. ಕೊನೆಗೆ ಮಲ್ಲಿಗೆ ಪರಿಮಳದ ದ್ರಾವಣ ಮೂರು ಮುಚ್ಚಳ. ಒಣಗಿಸಿ, ಹಳೆಯ ಮಡಿಕೆಯಲ್ಲೇ ಮಡಿಸಿ, ಹಳೆಯ ಕವರಿನಲ್ಲೇ ಸುತ್ತಿ ಟ್ರಂಕಿಗೆ ಸೇರಿಸಿದರು. ನೋಟುಬುಕ್ಕಿನಲ್ಲಿ ಬರೆದರು: "ಸುವರ್ಣಗೆಡ್ಡೆ ಹೂವು. ಪೂರ್ವಕ್ಕೆ ಒಗೆಯುವ ಕಲ್ಲು. ಪಶ್ಚಿಮಕ್ಕೆ ಕಪ್ಪು ಬಟ್ಟೆ." ಅವರ ಜೀವಮಾನದ ಮೊದಲ ಸುಳ್ಳು ದಾಖಲೆ ಅದು.

ಫೋಟೋ ವಾಟ್ಸಾಪಿನ 'ವಿಚಿತ್ರ ಸಸ್ಯ ಬಳಗ'ದ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆಯಿತು. ತೀರ್ಪುಗಾರರು, "ಹೂವು ಭಯಂಕರ, ಅದ್ಭುತ. ಹಿಂದಿನ ಬಟ್ಟೆಯ ಮುದುರು ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಸಲ ಇಸ್ತ್ರಿ ಮಾಡಿ" ಎಂದು ಬರೆದಿದ್ದರು. ಅಫ್ರೋಜ್ ಅದಕ್ಕೆ ಎರಡಡಿ ಅಗಲದ ಫ್ರೇಮು ಹಾಕಿಕೊಟ್ಟ. ಶಿವಲಿಂಗಯ್ಯ ಅದನ್ನು ಹೊತ್ತು ತಂದು ಆಸೆಗಣ್ಣಿನಿಂದ ಮೊಳೆಯನ್ನು ನೋಡಿದರು.

"ಅದ್ನ ಆ ಮೊಳೆಗ್ ಹಾಕುದ್ರೆ ನನ್ನೂ ಅದ್ರ ಪಕ್ಕುಕ್ಕೆ ನೇತಾಕ್ಬುಡಿ" ಎಂದರು ಯಶೋದಮ್ಮ. ಹೂವು ಅಲಮಾರಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿತು. ಅದರ ಹಿಂದೆ ಏನಿದೆಯೆಂದು ಆಕೆ ಸರಿಯಾಗಿ ನೋಡಲೇ ಇಲ್ಲ. ಶಿವಲಿಂಗಯ್ಯನವರಿಗೆ ಸದ್ಯ ಅದೇ ಸಾಕಾಗಿತ್ತು. ಅಮಾವಾಸ್ಯೆಗಳು ಬಂದವು. ಯಶೋದಮ್ಮ ಟ್ರಂಕು ತೆಗೆದು ಮುಖವಿಟ್ಟು, "ಇಲ್ಲ ಕಣ್ರೀ. ಅದ್ರೊಳ್ಗೇ ಅದೆ" ಎನ್ನುತ್ತಿದ್ದರು. ಪ್ರತಿ ಸಲವೂ ಶಿವಲಿಂಗಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು.

ಗೌರಿ ಹಬ್ಬ ಕಳೆದು ವಾರವಾಗಿತ್ತು. ಬೆಳಿಗ್ಗೆ ಶಿವಲಿಂಗಯ್ಯ ಬಚ್ಚಲುಮನೆಯಲ್ಲಿ ಬೀಡಿಯ ಕೊನೆಯ ದಮ್ಮು ಎಳೆಯುತ್ತಿದ್ದಾಗ ಬಾಗಿಲ ಮೇಲೆ ದಬದಬ ಗುದ್ದು ಬಿತ್ತು. ತೆಗೆದರೆ ಯಶೋದಮ್ಮ ಸೌಟು ಹಿಡಿದು ನಿಂತಿದ್ದಾರೆ. ಕಣ್ಣು ಅಗಲವಾಗಿದೆ, ಮೂಗಿನ ಹೊಳ್ಳೆ ಅರಳಿದೆ.

"ಬೀಡಿ!" ಎಂದರು.

ಶಿವಲಿಂಗಯ್ಯ ಮೋಟು ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿ ಕೈ ಸುಟ್ಟುಕೊಂಡರು. "ನಾನಲ್ಲ ಕಣಮ್ಮಿ, ಹೊರ್ಗಡೆಯಿಂದ..."

"ಬೀಡಿ ಕಣ್ರೀ! ಬೀಡಿ ವಾಸ್ನೆ ಬತ್ತಾ ಅದೆ!" ಯಶೋದಮ್ಮ ಅವರ ಬನಿಯನ್ ಹಿಡಿದೆಳೆದು ಅದರಲ್ಲಿ ಮೂಗಿಟ್ಟು ಅಳತೊಡಗಿದರು. ನಲವತ್ತು ವರ್ಷದ ಸಂಸಾರದಲ್ಲಿ ಬೀಡಿ ಸೇದಿದ್ದಕ್ಕೆ ಹೆಂಡತಿ ತಬ್ಬಿಕೊಂಡ ಗಂಡ ಈ ತಾಲ್ಲೂಕಿನಲ್ಲಿ ಅವರೊಬ್ಬರೇ ಇರಬೇಕು. ಆಕೆ ಅಲ್ಲಿಂದ ಓಡಿ ಇಂಗಿನ ಡಬ್ಬಿ ಮೂಸಿದರು, ಕಾಫಿಪುಡಿ ಮೂಸಿದರು, ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ ತಾಜ್ ಬೀಯನ್ನು ಎಳೆದು ಆಕೆಯ ಅತ್ತರು ಮೂಸಿದರು. ತಾಜ್ ಬೀ "ಅಲ್ಹಮ್ದುಲಿಲ್ಲಾ!" ಎಂದು ತಾವೂ ಕಣ್ಣೀರು ಹಾಕಿದರು. ಶಿವಲಿಂಗಯ್ಯನವರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಆದರೆ ಅದು ಸಂತೋಷಕ್ಕಲ್ಲ.

ಯಶೋದಮ್ಮ ಒಳಗೆ ಬಂದವರು ಟವೆಲು ಎತ್ತಿಕೊಂಡರು. "ಅವ್ವನ್ ತಾವ್ಕೆ ಇಂಗೇ ಹೋಗಾಕಾಯ್ತದಾ? ನೀರ್ ಹಾಕ್ಕಂಡ್ ಬತ್ತೀನಿ. ಮೈಯೆಲ್ಲ ಒಗ್ಗರ್ಣೆ ವಾಸ್ನೆ. ಈಗ ಗೊತ್ತಾಯ್ತದಲ್ಲ!" ಎಂದು ನಗುತ್ತಾ ಬಚ್ಚಲಿಗೆ ಹೋದರು. ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು.

ಶಿವಲಿಂಗಯ್ಯನಿಗೆ ಸಿಕ್ಕಿದ್ದು ಒಂದು ಸ್ನಾನದಷ್ಟು ಹೊತ್ತು. ಆಗಲೇ ಹೇಳಿಬಿಡಬಹುದಿತ್ತು, ಹೇಳುವ ಎದೆಯಿರಲಿಲ್ಲ. ಟ್ರಂಕು ಎಳೆದು ಸೀರೆ ಹೊರಗೆ ತೆಗೆದರು. ಮಲ್ಲಿಗೆ ಘಮಘಮ. ದೇವರ ದೀಪಕ್ಕಿಟ್ಟ ಹರಳೆಣ್ಣೆ ತಂದು ಅಂಗೈಗೆ ಸುರಿದುಕೊಂಡು ಮಡಿಕೆಗಳಿಗೆ ಸವರಿದರು. ಹೊಗೆಸೊಪ್ಪು ಎಲ್ಲಿ? ಬೀಡಿಯ ಕಟ್ಟು ಬಿಚ್ಚಿ, ಒಂದೊಂದೇ ಬೀಡಿ ಸೀಳಿ, ಪುಡಿಯನ್ನು ಸೆರಗಿಗೆ ತಿಕ್ಕಿದರು. ಒಲೆಯ ಹೊಗೆ? ಮನೆಯಲ್ಲಿ ಗ್ಯಾಸು. ಉಳಿದ ಒಂದೇ ಬೀಡಿ ಹಚ್ಚಿ, ಮಂಚದ ಪಕ್ಕದಲ್ಲಿ ಮಂಡಿಯೂರಿ, ಅತ್ತೆಯ ಸೀರೆಯ ಮೇಲೆ ಭಕ್ತಿಯಿಂದ ಹೊಗೆ ಬಿಟ್ಟರು. ಕಣ್ಣಿಂದ ನೀರು ಸುರಿಯುತ್ತಿತ್ತು. ಅರ್ಧ ಹೊಗೆಗೆ, ಅರ್ಧ ನಾಚಿಕೆಗೆ. ಬಚ್ಚಲ ಚಿಲಕದ ಸದ್ದಾಯಿತು. ಸೀರೆ ಮಡಿಸಿ ಕವರಿಗೆ ತುರುಕಿ ಟ್ರಂಕು ಮುಚ್ಚಿದರು.

ಯಶೋದಮ್ಮ ಒದ್ದೆ ಕೂದಲಲ್ಲಿ ಬಂದು ಕೂತರು. ಕವರು ಬಿಡಿಸಿದರು. ಕಣ್ಣು ಮುಚ್ಚಿ ಸೀರೆಯಲ್ಲಿ ಮುಖವಿಟ್ಟರು. ಒಂದು ಉಸಿರು. ಎರಡನೆಯ ಉಸಿರು. ನಿಧಾನವಾಗಿ ಮುಖ ಎತ್ತಿದರು.

"ಮಲ್ಗೆ" ಎಂದರು. "ಮ್ಯಾಲೆ ಹಳ್ಳೆಣ್ಣೆ. ಅದ್ರ ಮ್ಯಾಲೆ ಬೀಡಿ." ಗಂಡನ ಕಡೆ ತಿರುಗಿದರು. "ಯಾರೋ ನಮ್ಮವ್ವನ್ ವೇಸ ಹಾಕ್ಕಂಡ್ ಬಂದ್ ಕೂತವ್ರೆ ಕಣ್ರೀ ಇಲ್ಲಿ. ನಮ್ಮವ್ವ ಎಲ್ಲಿ?"

ಶಿವಲಿಂಗಯ್ಯ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು, ಚಕ್ಕುಬಂದಿ ಸಮೇತ. ಹೂವು, ಗಾಳಿ, ನಾಲ್ಕು ನೀರು. ಯಶೋದಮ್ಮ ಕೂಗಾಡಲಿಲ್ಲ. ಪಾತ್ರೆಗಳೂ ಮಾತಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಒಗಿಯಾಕ್ ಮುಂಚೆ... ವಾಸ್ನೆ ಇತ್ತಾ?"

ಐದು ವರ್ಷದಲ್ಲಿ ಅದು ತಾನಾಗಿಯೇ ಹೋಗಿತ್ತು ಎಂದುಬಿಟ್ಟರೆ ಶಿವಲಿಂಗಯ್ಯ ಪಾರಾಗುತ್ತಿದ್ದರು. ಒಂದು ಸುಳ್ಳು ದಾಖಲೆ ಬರೆದ ಸಂಕಟವೇ ಅವರಿಗೆ ಸಾಕಾಗಿತ್ತು.

"ಇತ್ತು" ಎಂದರು.

"ನಿಮ್ಗ್ ಗೊತ್ತಾಯ್ತಾ?"

"ಆಯ್ತು."

"ಎಂಗಿತ್ತು? ಹೇಳಿ."

"ಹೊಗೆಸೊಪ್ಪು. ಹಳ್ಳೆಣ್ಣೆ. ವಸಿ ಒಲೆ ಹೊಗೆ. ಆಮ್ಯಾಕೆ... ಇನ್ನೊಂದಿತ್ತು ಕಣಮ್ಮಿ, ಅದೇನಂತ ನಂಗ್ ಹೇಳಾಕ್ ಬರಕಿಲ್ಲ. ಅತ್ತೆ ಪಕ್ಕುದಾಗ್ ನಿಂತಿದ್ದಂಗಿತ್ತು."

"ಅದೇ" ಎಂದರು ಯಶೋದಮ್ಮ. "ಅದೇ ಇನ್ನೊಂದು." ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, ಶಬ್ದವಿಲ್ಲದೆ, ಮಧ್ಯಾಹ್ನದವರೆಗೆ ಅತ್ತರು. ತಾವು ಮೂರು ವರ್ಷ ಕಾದದ್ದನ್ನು ಕೊನೆಯ ಸಲ ಮೂಸಿ ನೋಡಿದವನು ಈ ಮನುಷ್ಯ, ಮೂಸಿಯೂ ಒಗೆದವನು. ಶಿವಲಿಂಗಯ್ಯ ಹತ್ತಿರ ಹೋಗಿ ಕೂರುವ ಧೈರ್ಯ ಮಾಡಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಹೊತ್ತಿಗೆ ಸರಿಯಾಗಿ ಕಾಫಿ ಬರುತ್ತಿತ್ತು, ಮುದ್ದೆ ಬರುತ್ತಿತ್ತು, ಸಾರಿಗೆ ಇಂಗು ಒಂದೇ ಸಲ ಬೀಳುತ್ತಿತ್ತು. ಮಾತು ಮಾತ್ರ ಇಲ್ಲ. ಶಿವಲಿಂಗಯ್ಯ ಬೀಡಿ ಬಿಟ್ಟರು, ಅದನ್ನು ಗಮನಿಸುವವರಿರಲಿಲ್ಲ. ಕ್ಯಾಮರಾವನ್ನು ಚೀಲದಲ್ಲಿ ಹಾಕಿ ಅಟ್ಟಕ್ಕೆಸೆದರು. ನೋಟುಬುಕ್ಕು ತೆಗೆದು 'ಕಪ್ಪು ಬಟ್ಟೆ' ಎಂಬುದನ್ನು ಹೊಡೆದುಹಾಕಿ, "ಪಶ್ಚಿಮಕ್ಕೆ ಅತ್ತೆ ಮಂಗಳಮ್ಮನವರ ಸೀರೆ, ಒಗೆಯದ್ದು" ಎಂದು ತಿದ್ದಿ, ಕೆಳಗೆ ರುಜು ಹಾಕಿ ಮೇಜಿನ ಮೇಲೆ ಬಿಟ್ಟರು.

ಮಾರನೆಯ ದಿನ ಅಲಮಾರು ಸರಿಯುವ ಸದ್ದಾಯಿತು. ಯಶೋದಮ್ಮ ಫ್ರೇಮನ್ನು ಹೊರಗೆಳೆದು, ಸೆರಗಿನಿಂದ ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹೂವನ್ನಲ್ಲ. ಹೂವಿನ ಬಲಭಾಗದಲ್ಲಿ, ತೀರ್ಪುಗಾರರ ಕಣ್ಣಿಗೆ ಹೊಡೆದ ಆ ಮುದುರಿನಲ್ಲಿ, ಸೆರಗಿನ ತುದಿಯಿತ್ತು. ಹೊಗೆಸೊಪ್ಪು ಕಟ್ಟಿ ಕಟ್ಟಿ ನಿಂತ ಗಂಟಿನ ಗುರುತು, ಪಕ್ಕದಲ್ಲಿ ಎಲೆಅಡಿಕೆಯ ಒಂದು ಕಲೆ. ಮಂಗಳಮ್ಮನವರು ಬಿಚ್ಚಿಟ್ಟ ದಿನ ಹೇಗಿತ್ತೋ ಹಾಗೆ.

ಮಾಳಯದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಯಶೋದಮ್ಮನ ತಮ್ಮ ದೇವರಾಜು ನಾಗಮಂಗಲದಿಂದ ಬಂದ. ನಡುಮನೆಗೆ ಕಾಲಿಟ್ಟವನು ಗೋಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅವರಪ್ಪನ ಪಕ್ಕದ ಮೊಳೆಯಲ್ಲಿ, ಅರಿಸಿನ ಕುಂಕುಮ ಇಟ್ಟುಕೊಂಡು, ಎರಡಡಿ ಅಗಲದ ಹೂವು ರಾರಾಜಿಸುತ್ತಿತ್ತು.

"ಇದೇನಕ್ಕ ಇದು, ಕ್ವಾಣನ್ ಮಿದ್ಲು ಬಿದ್ದಂಗದೆ!"

"ಹೂವ ನೋಡ್ಬ್ಯಾಡ. ಹಿಂದ್ಕೆ ನೋಡು."

ದೇವರಾಜು ಹತ್ತಿರ ಹೋಗಿ ನೋಡಿದ. ಬಹಳ ಹೊತ್ತು ನೋಡಿದ. "ಅವ್ವನ್ ಗಂಟು" ಎಂದ. ಕೈ ಮುಗಿದ.

ಎಲೆಯ ಮೇಲೆ ಕಜ್ಜಾಯ, ವಡೆ, ಅನ್ನ, ಒಂದು ಚೂರು ಹೊಗೆಸೊಪ್ಪು ಬಂದವು. ಯಶೋದಮ್ಮ ಸೇವಂತಿಗೆಯ ಹಾರ ತಂದು ಫ್ರೇಮಿಗೆ ಹಾಕಿದರು. ಹಿಂದೆ ಸರಿದು ನೋಡಿ, ಹಾರವನ್ನು ಎಡಕ್ಕೆ ಎಳೆದರು. ಮತ್ತೆ ನೋಡಿ ಇನ್ನಷ್ಟು ಎಳೆದರು. ಈಗ ಬಲಗಡೆಯ ಸೆರಗಿನ ತುದಿ ನಿಚ್ಚಳವಾಗಿ ಕಾಣುತ್ತಿತ್ತು. ಹೂವು, ಏಳು ವರ್ಷ ಮೂರು ತಾಲ್ಲೂಕು ಅಲೆಸಿದ್ದ ಆ ಹೂವು, ಹಾರದ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು.

ಕೊನೆಗೂ ಮೊಳೆ ಏರಿದ ತಮ್ಮ ಫೋಟೋವನ್ನು ಶಿವಲಿಂಗಯ್ಯ ನೋಡುತ್ತ ನಿಂತಿದ್ದರು. ಸುಮ್ಮನಿರಬೇಕಿತ್ತು. ಕಲಾವಿದನ ಬಾಯಿ, ಸುಮ್ಮನಿರಲಿಲ್ಲ.

"ಹೂವು ಮುಚ್ಕತದೆ ಕಣಮ್ಮಿ" ಎಂದರು ಮೆಲ್ಲಗೆ. "ಹಾರ ವಸಿ ಮ್ಯಾಲಕ್ಕೆತ್ತು."

ಯಶೋದಮ್ಮ ತಿರುಗಿ ನೋಡಿದರು. ಇಷ್ಟು ದಿನಗಳ ಮೇಲೆ ಗಂಡನ ಮುಖ ನೋಡಿ ಆಡಿದ ಮೊದಲ ಮಾತು ಇದು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಬಿಸ್ಲು ನೆತ್ತಿ ಮ್ಯಾಲದೆ" ಎಂದರು. "ನಾಳೆ ಎತ್ತನ ಬುಡಿ."

ಎಂದವರು ದೀಪದ ಬತ್ತಿ ಸರಿಮಾಡಿ, ತಮ್ಮನಿಗೆ ಎಲೆ ಹಾಕಲು ಒಳಗೆ ಹೋದರು. ಶಿವಲಿಂಗಯ್ಯ ತಲೆ ತಗ್ಗಿಸಿ, ಹಾರದ ಹಿಂದೆ ಮರೆಯಾದ ಹೂವಿಗೂ ಅದರ ಹಿಂದಿನ ಅತ್ತೆಗೂ ಒಟ್ಟಿಗೇ ಕೈ ಮುಗಿದು ನಿಂತರು.